ಹಿಂದೆ ನಿಂತಿರುವ ಹಳೆಯ ಟ್ರೇಲರ್

ಗೋಶೆನ್, ಇಂಡಿಯಾನಾ

ಟ್ರೇಲರ್ ಮಾರುವ ಕರ್ಟಿಸ್‌ಗೆ,

ಶನಿವಾರ ನಿನ್ನ ಅಂಗಡಿಯಲ್ಲಿ, ಕಾರಿಗೆ ಕಟ್ಟಿ ಎಳೆದೊಯ್ಯುವ ಹೊಸ ಮನೆ-ಟ್ರೇಲರಿನೊಳಗೆ ಮಂಡಿಯೂರಿ ನೆಲ ಒತ್ತಿ ನೋಡಿದವಳು ನಾನೇ. "ಅಜ್ಜೀ, ನೆಲ ಏನ್ ಒತ್ತಿ ನೋಡ್ತೀರಿ? ಟೀವಿ ನೋಡಿ, ಗೋಡೆ ತುಂಬ ಇದೆ!" ಎಂದು ನೀನು ನಕ್ಕೆ. ಟೀವಿ ಮಳೆ ತಡೆಯುವುದಿಲ್ಲ ಕಣಪ್ಪ. ಇಪ್ಪತ್ತಾರು ವರ್ಷ ಟ್ರೇಲರ್ ಕಾರ್ಖಾನೆಯಲ್ಲಿ ಚಾವಣಿಯ ಸಂದು ಮುಚ್ಚಿದ ಕೈ ನನ್ನದು. ಆ ಹೊಸದರ ನೆಲ ಬಾಗಿಲ ಬಳಿ ಈಗಲೇ ಮೆತ್ತಗಾಗಿದೆ. ಐದು ಚಳಿಗಾಲ ಬಾಳಿದರೆ ಹೆಚ್ಚು.

ನನಗೆ ಅಂಗಡಿಯ ಹಿಂದೆ ನಿಂತಿರುವ ಹಳೆಯದೇ ಬೇಕು. ಅದರ ಚಾವಣಿ ಒಂದು ಹನಿಯೂ ಸೋರಿಲ್ಲ. ಮಂಚದ ಕೆಳಗಿನ ಹಲಗೆಯಲ್ಲಿ ಕಟ್ಟಿದವರ ಹೆಸರು ಪೆನ್ಸಿಲಿನಲ್ಲಿದೆ: ಚಾವಣಿಗೆ ವಿಲ್ಮಾ, ನೆಲಕ್ಕೆ ಲೋರೆನ್. ಲೋರೆನ್ ನನ್ನ ಗಂಡ. ಅವನು ತೀರಿಕೊಂಡು ನಾಲ್ಕು ವರ್ಷವಾಯಿತು. ನೆಲ ಇನ್ನೂ ಅಲುಗಾಡುವುದಿಲ್ಲ.

ಗುರುವಾರ ಬರುತ್ತೇನೆ. ತೊಳೆದು, ಒರೆಸಿ ಇಡು. ಆ ಹಲಗೆಗೆ ಮಾತ್ರ ಬಟ್ಟೆ ತಾಗಿಸಬೇಡ.

ಇಂತಿ,
ವಿಲ್ಮಾ ಹೋಸ್ಟೆಟ್ಲರ್