ನಿದ್ದೆ ಮಾಡದೆ ನೋಡಿದ ಮೂರು ಸಿನಿಮಾಗಳು

ಡಿಸೆಂಬರ್ 28, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಹರಾಯ್ತಿ,

ಲಕೋಟೆಯ ಮೇಲಿನ ಕೈಬರಹ ನೋಡಿಯೇ ಹುಬ್ಬು ಗಂಟಿಕ್ಕಿರುತ್ತೀಯ, ಗೊತ್ತು. ನೀನು ಮನೆ ಬಿಟ್ಟ ಈ ಒಂದೂವರೆ ವರ್ಷದಲ್ಲಿ ನಮ್ಮಿಬ್ಬರ ನಡುವೆ ಓಡಾಡಿದ್ದು ಮಗಳ ಶಾಲೆಯ ಚೀಟಿಗಳು ಮಾತ್ರ. ಅಚ್ಚಿನ ಮನೆಯಲ್ಲಿ ದಿನವಿಡೀ ಕರಡು ತಿದ್ದುವವಳಿಗೆ ಪತ್ರ ಬರೆಯುವುದೆಂದರೆ ಪರೀಕ್ಷೆ ಬರೆದ ಹಾಗೆ. ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆದುಕೋ, ಆದರೆ ಕೊನೆಯವರೆಗೆ ಓದು.

ಇದು ಮಗಳ ಹಟ. ಹೋದ ವಾರ ನನ್ನ ಕೋಣೆಗೆ ಬಂದವಳು, ಅಮ್ಮ ಈ ವರ್ಷದ ಮೆಚ್ಚಿನ ಸಿನಿಮಾಗಳ ಪಟ್ಟಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದಾಳೆ, ನಿಂದೆಲ್ಲಿ ಅಂತ ಕೇಳಿದಳು. ನಾನು ಥಿಯೇಟರಿನಲ್ಲಿ ನಿದ್ದೆ ಹೊಡೆಯುವವನಲ್ವೇನೇ ಅಂದೆ. ಹಂಗಾದ್ರೆ ನಿದ್ದೆ ಬರದೇ ಇದ್ದಿದ್ದನ್ನಷ್ಟೇ ಬರಿ, ಬರೆದು ಅಮ್ಮನಿಗೇ ಕೊಡು ಅಂದಳು. ಹನ್ನೊಂದು ವರ್ಷಕ್ಕೇ ನಿನ್ನದೇ ನಾಲಿಗೆ!

ಈ ವರ್ಷ ಒಂಬತ್ತು ಸಿನಿಮಾಕ್ಕೆ ಟಿಕೆಟ್ ತೆಗೆದೆ. ಅವಳು ಬಾರದ ಭಾನುವಾರ ಕೋಣೆಯ ಗೋಡೆಗಳು ಮೈಮೇಲೇ ಬರುತ್ತವೆ, ಅದಕ್ಕೇ ಮ್ಯಾಟಿನಿ. ಆರರಲ್ಲಿ ಗೊರಕೆ ಹೊಡೆದೆ. ಒಂದರಲ್ಲಂತೂ ಪಕ್ಕದ ಸೀಟಿನ ಹೆಂಗಸು ತಟ್ಟಿ ಎಬ್ಬಿಸಿ, ರೀ, ಕೊಲೆ ಮಾಡಿದ್ದು ಭಾವಮೈದುನ, ಇನ್ನು ಮನೆಗೆ ಹೋಗಿ ಮಲಕ್ಕೊಳ್ಳಿ ಅಂದಳು.

ಮೂರನೆಯ ಸ್ಥಾನ ಹೊಡೆದಾಟದ ಚಿತ್ರವೊಂದಕ್ಕೆ. ಖಳ ಹಗ್ಗ ಕತ್ತರಿಸುತ್ತಾನೆ, ಲಿಫ್ಟು ನಲವತ್ತು ಮಹಡಿ ಕೆಳಗೆ ಬೀಳುತ್ತದೆ, ನೆಲ ತಾಗುವ ಹೊತ್ತಿಗೆ ನಾಯಕ ಸರಿಯಾಗಿ ಜಿಗಿದು ಬದುಕುತ್ತಾನೆ! ಒಂದು ಹಗ್ಗ ಹೋದರೆ ಇನ್ನೂ ನಾಲ್ಕು ಇರುತ್ತವೆ, ಅವೆಲ್ಲ ಹೋದರೂ ಬ್ರೇಕು ಹಳಿಯನ್ನು ಕಚ್ಚಿ ಹಿಡಿಯುತ್ತದೆ. ಇಪ್ಪತ್ತೆರಡು ವರ್ಷದಿಂದ ಲಿಫ್ಟ್ ರಿಪೇರಿ ಮಾಡುವವನಿಗೆ ನಗು ತಡೆಯಲಾಗಲಿಲ್ಲ. ಟಾರ್ಚು ಹಿಡಿದವನು ಬಂದು ಗದರಿಸಿ ಹೋದ.

ಎರಡನೆಯದರಲ್ಲಿ ಎಪ್ಪತ್ತು ದಾಟಿದ ಅಜ್ಜಿ ಈಜು ಕಲಿಯುತ್ತಾಳೆ. ಅಷ್ಟೇ ಕಥೆ. ಕೊಳದ ಅಂಚು ಹಿಡಿದ ಅವಳ ಬೆರಳುಗಳು ಒಂದೊಂದಾಗಿ ಬಿಡುವುದನ್ನು ನೋಡುತ್ತಾ ನಾನೂ ಕುರ್ಚಿಯ ಕೈ ಹಿಡಿದುಕೊಂಡಿದ್ದೆ.

ಮೊದಲನೆಯದರ ಬಗ್ಗೆ ಬರೆಯಲು ನಾಲ್ಕು ಹಾಳೆ ಹರಿದು ಹಾಕಿದ್ದೇನೆ.

ಅದರಲ್ಲಿ ಒಬ್ಬ ಗಂಡ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತಾನೆ. ಒಳಗೆ ಹೆಂಡತಿಗೆ ಆಪರೇಷನ್. ಅವನು ಏಳುತ್ತಾನೆ, ನೀರು ಕುಡಿಯುತ್ತಾನೆ, ಮತ್ತೆ ಕೂರುತ್ತಾನೆ. ಮಧ್ಯಂತರಕ್ಕೆ ಎದ್ದು ಬಂದವನು ಒಳಗೆ ಹೋಗಲಾರದೆ ಬಸ್ಸು ಹತ್ತಿಬಿಟ್ಟೆ. ಉಳಿದರ್ಧ ನೋಡಲು ಮರುದಿನ ಇನ್ನೊಂದು ಟಿಕೆಟ್ ತೆಗೆದೆ.

ನಿನ್ನ ಎದೆಯ ಗಂಟು ತೆಗೆದ ದಿನ ನಾನು ಯಾಕೆ ಬರಲಿಲ್ಲ ಅಂತ ನೀನು ಎಷ್ಟು ಸಲ ಕೇಳಿದೆ! ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡಿದ್ದರು ಅಂತಲೇ ಪ್ರತಿಸಲ ಹೇಳಿದೆ. ಸಿಕ್ಕಿಕೊಂಡಿದ್ದು ನಿಜ. ಇಪ್ಪತ್ತೇ ನಿಮಿಷದಲ್ಲಿ ಅವರನ್ನು ಇಳಿಸಿಯೂ ಆಗಿತ್ತು. ಜೊತೆಯ ಮೆಕ್ಯಾನಿಕ್ಕು, ನೀನು ಹೊರಡು ಮಾರಾಯ, ಉಳಿದಿದ್ದು ನಾನು ನೋಡ್ಕೋತೀನಿ ಅಂದ. ನಾನು ಹೊರಡಲಿಲ್ಲ. ಮೇಲಿನ ಯಂತ್ರದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ನಾಲ್ಕು ಗಂಟೆ ಸುಮ್ಮನೆ ಕೂತಿದ್ದೆ. ನಮ್ಮಮ್ಮನನ್ನು ಒಳಗೆ ಕಳಿಸಿ ಅಂಥದ್ದೇ ಬೆಂಚಿನ ಮೇಲೆ ಕಾದಿದ್ದವನು ನಾನು. ಅವಳು ಹೊರಗೆ ಬರಲೇ ಇಲ್ಲ. ಇನ್ನೊಮ್ಮೆ ಹಾಗೆ ಕೂರುವ ಎದೆಗಾರಿಕೆ ಇರಲಿಲ್ಲ. ನೀನು ಕಣ್ಣು ಬಿಟ್ಟಾಗ ಪಕ್ಕದಲ್ಲಿದ್ದವಳು ನಿನ್ನ ತಂಗಿ.

ಹೆದರಿದ್ದೆ ಅಂತ ಒಂದೇ ಮಾತು ಹೇಳಿದ್ದರೆ ನೀನು ಬೈದು ಸುಮ್ಮನಾಗುತ್ತಿದ್ದೆಯೇನೋ. ಸುಳ್ಳು ಹೇಳಿ ಹೇಳಿ ನಿನ್ನನ್ನೇ ಅನುಮಾನದ ಪಿಶಾಚಿ ಅಂದುಬಿಟ್ಟೆ. ತಪ್ಪಾಯಿತು ಕಣೇ.

ಜನವರಿ ಒಂಬತ್ತಕ್ಕೆ ನಿನ್ನ ತಪಾಸಣೆ ಇದೆಯೆಂದು ಮಗಳು ಬಾಯಿಬಿಟ್ಟಳು. ಅವಳನ್ನು ಬೈಯಬೇಡ. ಆ ದಿನಕ್ಕೆ ರಜೆ ಮಂಜೂರಾಗಿದೆ. ಬೆಂಚಿನ ಮೇಲೆ ಕೂರುತ್ತೇನೆ. ನಿನ್ನ ಪಕ್ಕದಲ್ಲಿ ಬೇಡವೆಂದರೆ ಆ ತುದಿಯಲ್ಲಿ, ಅಲ್ಲೂ ಬೇಡವೆಂದರೆ ಗೇಟಿನ ಹತ್ತಿರ. ಬೇಡವೇ ಬೇಡ ಅನ್ನುವುದಿದ್ದರೆ ಮಾತ್ರ ಹೇಳಿಕಳಿಸು.

‘ನಿನ್ನವನೇ’ ಎಂದು ಬರೆಯುವಷ್ಟು ಧೈರ್ಯ ಇನ್ನೂ ಬಾರದ,
ನಿನ್ನ ಮಗಳ ಅಪ್ಪ

ಮರೆತ ಮಾತು: ಆಗಸ್ಟಿನಲ್ಲಿ ಹತ್ತನೆಯದೊಂದಕ್ಕೂ ಹೋಗಿದ್ದೆ, ಲೆಕ್ಕಕ್ಕೆ ಸೇರಿಸಲಿಲ್ಲ. ನಾಲ್ಕು ಸಾಲು ಮುಂದೆ ನೀನು ತಂಗಿಯ ಜೊತೆ ಕೂತಿದ್ದೆ. ನಗು ಉಕ್ಕಿ ನೀನು ಅವಳ ಭುಜಕ್ಕೆ ಒರಗಿದೆ. ಆಪರೇಷನ್ ಆದಮೇಲೆ ನೀನು ಹಾಗೆ ನಕ್ಕಿದ್ದನ್ನು ನಾನು ಕೇಳಿರಲೇ ಇಲ್ಲ. ದೀಪ ಹತ್ತುವ ಮೊದಲೇ ಎದ್ದು ಬಂದೆ. ಅದರ ಕಥೆ ಏನು ಅಂತ ಮಾತ್ರ ಕೇಳಬೇಡ, ನಾನು ಪರದೆಯ ಕಡೆ ನೋಡಲೇ ಇಲ್ಲ.