ಹದಿಮೂರು ಅಡಿ ಹಗ್ಗ

ಮಾರ್ಚ್ 3, ಬೆಳಿಗ್ಗೆ 7
ಮದುವೆಯಾಗಿ ಹತ್ತೊಂಬತ್ತನೇ ದಿನ! ಇವತ್ತೂ ಇವರು ನನ್ನ ಕೈ ಹಿಡಿದ ಹೊತ್ತಿಗೇ ಮಾವ ಟವೆಲ್ಲಿಗೆ ಬಂದರು. ಇಡೀ ಮನೆಯ ಬಟ್ಟೆ ಒಣಗುವ ತಂತಿ ನಮ್ಮ ಕೋಣೆಯಲ್ಲೇ! ಪಾಪ, ಕೆಮ್ಮುತ್ತಾರೆ — ಆದರೆ ಒಳಗೆ ಬಂದ ಮೇಲೆ.

11 ಗಂಟೆ
ಅತ್ತೆಯನ್ನು ಕೇಳಿಯೇಬಿಟ್ಟೆ. "ಬಟ್ಟೆ ಟೆರೇಸಲ್ಲಿ ಒಣಗಿಸೋಣ್ವಾ ಅತ್ತೆ?"
"ಎರಡು ಕಂಬ, ಕೊಕ್ಕೆ ಎಲ್ಲಾ ಇದೆ. ಹಗ್ಗ ಎಷ್ಟುದ್ದ ಬೇಕು ಅಂತ ಅಳೆಯೋರು ಯಾರು? ಕೊಕ್ಕೆ ಮೇಲಿದೆ, ಕೆಳಗೆ ನಡುವೆ ಟ್ಯಾಂಕು ಕೂತಿದೆ, ನೆಲದ ಮೇಲೆ ಟೇಪು ಹಿಡಿಯೋಕಾಗಲ್ಲ."
"ನಾನು!"
"ಕಟ್ಟಿ ತೋರ್ಸು. ಆಮೇಲೆ ನಿಮ್ಮ ಕೋಣೆ ನಿಮ್ದು."

ಮಾರ್ಚ್ 4, ಮಧ್ಯಾಹ್ನ
ಟೆರೇಸಿನ ಟೈಲ್ಸು ಒಂದೊಂದು ಅಡಿ ಚೌಕ — ಥೇಟ್ ಗ್ರಾಫ್ ಶೀಟ್! ಮೆಟ್ಟಿಲ ಮೂಲೆಯೇ (0, 0). ಒಂದು ಕಂಬ (2, 3), ಇನ್ನೊಂದು (14, 8). ಅಡ್ಡಕ್ಕೆ ವ್ಯತ್ಯಾಸ ಹನ್ನೆರಡು, ಉದ್ದಕ್ಕೆ ಐದು. ವರ್ಗ ಮಾಡಿ ಕೂಡಿದೆ: 144 + 25 = 169. ವರ್ಗಮೂಲ ಹದಿಮೂರು! ಮ್ಯಾಥ್ಸ್ ಮಿಸ್‌ಗೆ ಮನಸ್ಸಿನಲ್ಲೇ ಮುತ್ತು ಕೊಟ್ಟೆ.
ಅಂಗಡಿಯವನು, "ಎರಡಡಿ ಜಾಸ್ತಿ ತಗೊಳ್ಳಿ ಮೇಡಂ" ಎಂದ. ಎಕ್ಸಾಕ್ಟ್ ಆನ್ಸರ್ ಇರುವವಳಿಗೆ!

ಸಂಜೆ 5
ಆನ್ಸರ್ ಕರೆಕ್ಟ್. ಹಗ್ಗ ಈ ಕೊಕ್ಕೆಯಿಂದ ಆ ಕೊಕ್ಕೆಗೆ ಮುಟ್ಟಿತು. ಮುಟ್ಟಿತು, ಅಷ್ಟೇ. ಗಂಟಿಗೆ ಒಂದಿಂಚೂ ಇಲ್ಲ...
ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ಗಂಟು ಯಾವುದ್ರಲ್ಲಿ ಹಾಕ್ತೀಯಮ್ಮಾ, ಫಾರ್ಮುಲಾದಲ್ಲಾ? ನಾಳೆ ಬೆಳಿಗ್ಗೆವರೆಗೂ ನೋಡ್ತೀನಿ. ಇಲ್ಲಾಂದ್ರೆ ತಂತೀನೇ ಗಟ್ಟಿ."
ಭೂಮಿ ಬಾಯಿ ಬಿಡಬಾರದಿತ್ತೇ!

ಮಾರ್ಚ್ 5, ಭಾನುವಾರ, ಬೆಳಿಗ್ಗೆ 6
ಇವರು ಜೀನಿಯಸ್!! ತಂತಿಯ ಮೇಲಿದ್ದ ಎರಡು ಪೈಜಾಮಗಳಿಂದ ಲಾಡಿ ಎಳೆದು ತಂದರು. ಈ ತುದಿಗೊಂದು, ಆ ತುದಿಗೊಂದು.
"ಎರಡೂ ನಿಮ್ದೇ ತಾನೇ?"
"ಬಿಳೀದು ಕಣೇ, ನಂದೇ ಇರ್ಬೇಕು."
ಅತ್ತೆ ಹಗ್ಗ ಜಗ್ಗಿ ನೋಡಿದರು. "ಹೂಂ" ಎಂದರು. ಆ ಹೂಂ ನನ್ನ ಡಿಸ್ಟಿಂಕ್ಷನ್!

ಮಧ್ಯಾಹ್ನ 3
ತಂತಿ ಖಾಲಿ. ಬಾಗಿಲಿಗೆ ಚಿಲಕ. ಇವರಿಗೂ ನನಗೂ ನಡುವಿನ ದೂರ — ಪೆನ್ನು ಕಸಿಯುತ್ತಿದ್ದಾರೆ, ಬಿಡಿ ಅಂದ್ರೆ! — ಸೊನ್ನೆಯ ವರ್ಗಮೂಲ...

ಬಾಗಿಲು ಬಡಿತ. ಮಾವ.
"ಮಗಾ, ಸ್ವಲ್ಪ ಬಾಗ್ಲು ತೆಗಿ. ಒಂದು ಕೈಲಿ ಪೈಜಾಮ ಹಿಡ್ಕೊಂಡು ನಿಂತಿದೀನಿ. ಇದ್ರ ಲಾಡಿ ಎಲ್ಲೋ?"

ಟೆರೇಸಿನಲ್ಲಿ ಇಡೀ ಮನೆಯ ಬಟ್ಟೆ ಅದರ ಮೇಲೇ ನೇತಾಡುತ್ತಿದೆ. ಈಗ ಬಿಚ್ಚಿದರೆ ಮತ್ತೆ ಎಲ್ಲವೂ ನಮ್ಮ—