ಹತ್ತನೆಯ ದಿನವೂ ತೆವಳಿದವು

ಬೆಟಗೇರಿ, ಫೆಬ್ರವರಿ ೩೦, ೨೧೯೪

ನೂರೆಪ್ಪತ್ತು ವರ್ಷ ಹಿಂದಿರುವ ಹಿರಿಯರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳೂ ಹಾಗೆಯೇ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ನೀಲಗಂಗಾ ಹಡಪದ. ಇಲ್ಲಿಯ ಗಾಯದ ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದಡಿ ಹೆಣೆಕೋಶಗಳನ್ನು ಪರೀಕ್ಷಿಸುವವಳು. ಕೊಬ್ಬಿನ ತೆಳು ಪೊರೆ, ಅದರೊಳಗೆ ಎಳೆಗಳ ಹಂದರ, ಆ ಎಳೆಗಳನ್ನು ಜಗ್ಗಿ ತೆವಳಿಸುವ ಮೋಟಾರುಗಳು, ಎಲ್ಲವನ್ನೂ ಮನುಷ್ಯರೇ ಹೆಣೆದದ್ದರಿಂದ ಆ ಹೆಸರು. ಮಾಯದ ಹುಣ್ಣಿಗೆ ಹನಿಸಿದರೆ ಅವು ಕೊಳೆತ ಜಾಗಕ್ಕೆ ತಾವೇ ತೆವಳಿಹೋಗಿ ಮದ್ದು ಬಿಡುತ್ತವೆ. ಒಂಬತ್ತನೆಯ ದಿನ ಇಂಧನ ತೀರಿ ನಿಲ್ಲುತ್ತವೆ. 'ಚಲಿಸುತ್ತವೆ, ಜೀವವಿಲ್ಲ' ಎಂದು ಪ್ರತಿ ಸೀಸೆಯ ಮೇಲೂ ಅಚ್ಚಾಗಿರುತ್ತದೆ.

ಹೋದ ತಿಂಗಳು ನನ್ನ ತಂಗಿ ಈರವ್ವನ ಬಲಗಾಲಿಗೂ ಹನಿಸಿದರು. ಸಕ್ಕರೆ ಕಾಯಿಲೆಯ ಹುಣ್ಣು. ಮೂರು ವರ್ಷದಿಂದ ಅವಳು ಮಗ್ಗದ ಮುಂದೆ ಕೂತಿರಲಿಲ್ಲ. ಅದೇ ಸೀಸೆಯ ಒಂದು ಹನಿಯನ್ನು ನಾನು ಗಾಜಿನ ಪಟ್ಟಿಯ ಮೇಲೆ ಇಟ್ಟುಕೊಂಡೆ. ಅಚ್ಚಾದ ಮಾತನ್ನು ನಂಬುವ ಸ್ವಭಾವ ನನ್ನದಲ್ಲ. ಹತ್ತನೆಯ ದಿನ ನೋಡಿದರೆ ಅವು ತೆವಳುತ್ತಲೇ ಇದ್ದವು. ಹನ್ನೆರಡನೆಯ ದಿನವೂ. ನಿಂತುಹೋದವುಗಳ ಪೊರೆಗೆ ಅಂಟಿಕೊಂಡು, ಒಳಗೆ ಉಳಿದಿದ್ದ ಚೂರುಪಾರು ಇಂಧನವನ್ನು ಹೀರುತ್ತಿದ್ದವು. ಈ ಬುದ್ಧಿಯನ್ನು ಅವಕ್ಕೆ ಯಾರೂ ಹೆಣೆದುಕೊಟ್ಟಿರಲಿಲ್ಲ. ಅಥವಾ ಹೆಣೆದವರು ನಮಗೆ ಹೇಳಿರಲಿಲ್ಲ.

ಹಿರಿಯ ವೈದ್ಯರಾದ ಮುದೇನೂರ ಸಾಹೇಬರಿಗೆ ತೋರಿಸಿದೆ. ಅವರು ಬೆಚ್ಚಲಿಲ್ಲ. "ಗಾಜಿನ ಮ್ಯಾಲೆ ಹಿಂಗಾಗ್ತೈತಿ, ಮೈಯಾಗ ಆಗೂದಿಲ್ಲ. ಒಂಬತ್ತ ದಿನ ಅಂತ ಬರೀರಿ," ಎಂದರು. ಬೆಚ್ಚದೆ ಇದ್ದದ್ದೇ ನನ್ನನ್ನು ಕಾಡಿತು. ಇವರಿಗೆ ಮೊದಲೇ ಗೊತ್ತಿತ್ತೇ? ನಾನು ದಾಖಲೆ ಪುಸ್ತಕದಲ್ಲಿ 'ಹನ್ನೆರಡು ದಿನ, ಇನ್ನೂ ಚಲಿಸುತ್ತಿವೆ' ಎಂದೇ ಬರೆದೆ. ಮರುದಿನ ನನ್ನ ಗಾಜಿನ ಪಟ್ಟಿಯನ್ನು ಯಾರೋ ತೊಳೆದಿಟ್ಟಿದ್ದರು.

ಇಪ್ಪತ್ತನೆಯ ದಿನ ಈರವ್ವನ ಮನೆಗೆ ಹೋದೆ. ಅವಳು ಮಗ್ಗದ ಮುಂದಿದ್ದಳು. ಹುಣ್ಣು ಹೆಚ್ಚುಕಡಿಮೆ ಮುಚ್ಚಿತ್ತು. ಅದರ ಅಂಚಿನಿಂದ ತೆಗೆದ ರಸವನ್ನು ಜೊತೆಗೆ ಒಯ್ದಿದ್ದ ಪುಟ್ಟ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅವು ಇದ್ದವು, ತೆವಳುತ್ತಿದ್ದವು. ನಿಂತುಹೋದವುಗಳನ್ನು ಹೀರಿ ಇವು ಇನ್ನೂ ಚಲಿಸುತ್ತಿವೆ, ಇವನ್ನು ಕರಗಿಸುವ ಮದ್ದಿದೆ, ಆದರೆ ಹುಣ್ಣು ಮತ್ತೆ ಬಿಚ್ಚಿಕೊಳ್ಳಬಹುದು ಎಂದು ಇದ್ದದ್ದನ್ನೇ ಹೇಳಿದೆ. ಅವಳು ಲಾಳಿ ನಿಲ್ಲಿಸಲಿಲ್ಲ.

"ಅಕ್ಕಾ, ಸತ್ತದ್ದನ್ನ ತಿಂತಾವಂದ್ರ ತಿನ್ಲಿ ಬಿಡು. ನನ್ನ ತಿನ್ನಾಕ ಹತ್ತಿದ ದಿನ ಹೇಳು. ಅಲ್ಲೀತನಕ ಈ ಕಾಲು ಮುಟ್ಟಬ್ಯಾಡ."

ಆ ದಿನ ಬಂದರೆ ನನಗೆ ತಿಳಿದೀತೇ?

ಹಿರಿಯರೇ, ಇಂಥವನ್ನು ಮೊದಲು ಹೆಣೆಯುವವರು ನಿಮ್ಮ ನಡುವೆಯೇ ಇದ್ದಾರೆ. ಹೆಣೆಯಬೇಡಿ ಎನ್ನಲಾರೆ, ನನ್ನ ತಂಗಿ ಇವತ್ತು ಬಾವಿಯವರೆಗೆ ನಡೆದು ಹೋಗಿದ್ದಳು. ಆದರೆ ಅವು ನಿಂತವು ಎಂದು ಯಾರಾದರೂ ಹೇಳಿದರೆ, ದಯವಿಟ್ಟು ಮರುದಿನವೂ ಹೋಗಿ ನೋಡಿ.

ನಾಳೆ ಈರವ್ವನ ಎಡಗಾಲಿನಿಂದ ಒಂದು ಹನಿ ರಕ್ತ ತೆಗೆಯಬೇಕೆಂದಿದ್ದೇನೆ. ಆ ಕಾಲಿಗೆ ಯಾರೂ ಏನನ್ನೂ ಹನಿಸಿಲ್ಲ. ಯಾಕೆ ತೆಗೆಯುತ್ತಿದ್ದೇನೆಂದು ಅವಳಿಗೆ ಇನ್ನೂ ಹೇಳಿಲ್ಲ.

ನೀಲಗಂಗಾ